ಕ್ಯಾಂಪಿನವರು ಇವತ್ತು ಬಂದಿದ್ದರೆ?

ನಮ್ಮ ಹಿಟ್ನಾಳದಿಂದ ಗಂಗಾವತಿ, ಕಾರಟಗಿ ದಾಟಿ ಸಿಂಧನೂರಿನ ತನಕ ಹೋದರೆ ಎಷ್ಟೋ ಊರುಗಳ ಹೆಸರಿಗೆ ‘ಕ್ಯಾಂಪ್’ ಅಂತ ಅಂಟಿಕೊಂಡಿರೋದು ಕಾಣ್ತದೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದಿಂದ ಬಂದು ಭತ್ತ ಬೆಳೆದವರ ಊರುಗಳೇ ಇವುಗಳಲ್ಲಿ ಹೆಚ್ಚು. ಆದರೆ ಸಿಂಧನೂರು ತಾಲೂಕಿನ ಆರ್.ಎಚ್. ಕ್ಯಾಂಪುಗಳ ಕತೆ ಬೇರೆ. ಅಲ್ಲಿರೋ ಬಂಗಾಳಿಗಳು ಪೂರ್ವ ಪಾಕಿಸ್ತಾನದಿಂದ ಜೀವ ಉಳಿಸಿಕೊಳ್ಳಲು ಬಂದವರು. 1970ರ ದಶಕದ ಶುರುವಿನಲ್ಲಿ ಸರ್ಕಾರವೇ ಅವರಿಗೆ ಜಮೀನು ಕೊಟ್ಟು ನೆಲೆ ಮಾಡಿಸಿತು.

ಆಗಿನ ಕಾಲ ಈಗಿನಕ್ಕಿಂತ ಸುರಕ್ಷಿತವಾಗೇನೂ ಇರಲಿಲ್ಲ. 1962ರಲ್ಲಿ ಚೀನಾ ಜತೆ ಯುದ್ಧ, 1965 ಮತ್ತು 1971ರಲ್ಲಿ ಪಾಕಿಸ್ತಾನದ ಜತೆ. ಅದೇ ವರ್ಷಗಳಲ್ಲಿ ಬೈಲಕುಪ್ಪೆ, ಮುಂಡಗೋಡಗಳಲ್ಲಿ ಟಿಬೆಟಿಯನ್ನರಿಗೂ ಜಾಗ ಸಿಕ್ಕಿತು. ದೇಶ ಮುಳುಗಲಿಲ್ಲ.

ಈಗ ಎಲ್ಲೆಡೆ ಒಂದೇ ಮಾತು: ಮೊದಲು ಭದ್ರತೆ, ಆಮೇಲೆ ಆಶ್ರಯ. ಪೋಲೆಂಡ್ 2025ರ ಮಾರ್ಚ್‌ನಲ್ಲಿ ಬೆಲಾರೂಸ್ ಗಡಿಯಲ್ಲಿ ಆಶ್ರಯ ಕೇಳುವ ಹಕ್ಕನ್ನೇ ಅಮಾನತಿನಲ್ಲಿಟ್ಟಿತು. ಅವರ ಭಯ ಸುಳ್ಳಲ್ಲ, ಬೆಲಾರೂಸ್ ಬೇಕಂತಲೇ ಜನರನ್ನ ಗಡಿಗೆ ತಳ್ಳಿದ್ದು ನಿಜ. ಆದರೆ ತಳ್ಳಿಸಿಕೊಂಡವನು ಯಾರು, ಯಾಕೆ ಬಂದ ಅಂತ ಕೇಳದಿದ್ದರೆ ಭದ್ರತೆ ಹೇಗೆ ಹೆಚ್ಚುತ್ತೆ? ನಮ್ಮ ಕಸುಬಿನ ಮಾತಲ್ಲಿ ಹೇಳೋದಾದ್ರೆ, ಇದು ಲಾಗಿನ್ ಪೇಜನ್ನೇ ಕಿತ್ತುಹಾಕಿ ‘ಸಿಸ್ಟಮ್ ಸೇಫ್ ಆಯ್ತು’ ಅಂದಂಗೆ. ಕಳ್ಳ ಬೇರೆ ದಾರಿ ಹುಡುಕ್ತಾನೆ, ಹೊರಗುಳಿಯೋನು ನಿಜವಾದ ಬಳಕೆದಾರ.

1951ರ ನಿರಾಶ್ರಿತರ ಒಪ್ಪಂದ ಬರೆದವರು ಭದ್ರತೆ ಮರೆತವರಲ್ಲ. ಯುದ್ಧಾಪರಾಧಿಗೆ ಅದರಲ್ಲಿ ರಕ್ಷಣೆಯೇ ಇಲ್ಲ. ದೇಶದ ಭದ್ರತೆಗೆ ಅಪಾಯ ಅನ್ನಲು ಸಕಾರಣ ಇರುವವನನ್ನು ವಾಪಸ್ ಕಳಿಸಲು 33ನೇ ವಿಧಿಯಲ್ಲೇ ಅವಕಾಶವಿದೆ. ಅದರ ಬೇಡಿಕೆ ಇಷ್ಟೇ: ಒಬ್ಬೊಬ್ಬರನ್ನೂ ವಿಚಾರಿಸಿ ನೋಡಿ.

ಭಾರತ ಆ ಒಪ್ಪಂದಕ್ಕೆ ಸಹಿ ಹಾಕಿಲ್ಲ. ನಿರಾಶ್ರಿತ ಅಂದರೆ ಯಾರು ಅಂತ ಹೇಳುವ ಕಾಯ್ದೆಯೂ ನಮ್ಮಲ್ಲಿಲ್ಲ. 1946ರ ವಿದೇಶಿಯರ ಕಾಯ್ದೆ ಹೋಗಿ 2025ರ ಹೊಸ ಕಾಯ್ದೆ ಬಂತು, ಅದರಲ್ಲೂ ಇಲ್ಲ. ವೀಸಾ ಮುಗಿದರೂ ಉಳಿದವನು, ಗೂಢಚಾರಿ, ಮನೆ ಸುಟ್ಟುಹೋಗಿ ಓಡಿ ಬಂದವಳು, ಎಲ್ಲರೂ ಬರೀ ‘ವಿದೇಶಿಯರು’. 2021ರ ಏಪ್ರಿಲ್ 8ರಂದು ಜಮ್ಮುವಿನ ರೋಹಿಂಗ್ಯಾಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, 14 ಮತ್ತು 21ನೇ ವಿಧಿ ನಾಗರಿಕರಲ್ಲದವರಿಗೂ ಅನ್ವಯಿಸ್ತವೆ ಅಂತ ಒಪ್ಪಿತು. ಆದರೂ ನಿಗದಿತ ಕ್ರಮ ಪಾಲಿಸಿ ಗಡೀಪಾರು ಮಾಡಬಹುದು ಅಂದಿತು. ‘ವಾಪಸ್ ಹೋದರೆ ನಿನ್ನ ಜೀವಕ್ಕೆ ಅಪಾಯವಿದೆಯಾ?’ ಅನ್ನೋ ಪ್ರಶ್ನೆಯೇ ಕಾಯ್ದೆಯಲ್ಲಿ ಇಲ್ಲದಿದ್ದಾಗ, ಕ್ರಮ ಪಾಲಿಸಿದರೂ ಬಂದ ಭಾಗ್ಯವೇನು?

2019ರ ಪೌರತ್ವ ತಿದ್ದುಪಡಿ ಇದೆಯಲ್ಲ ಅನ್ನಬಹುದು. ಅದು ಕೇಳೋದು ಮೂರು ಸಂಗತಿ: ಯಾವ ದೇಶ, ಯಾವ ಧರ್ಮ, 2014ರ ಡಿಸೆಂಬರ್ 31ರ ಒಳಗೆ ಬಂದಿರಾ? ಶ್ರೀಲಂಕಾದ ತಮಿಳರು ಮೊದಲ ಪ್ರಶ್ನೆಗೇ ಫೇಲು. ಆರ್.ಎಚ್. ಕ್ಯಾಂಪಿನವರಂಥದ್ದೇ ಒಂದು ಕುಟುಂಬ, ಅದೇ ಊರಿನಿಂದ, ಅದೇ ಭಯದಿಂದ ಇವತ್ತು ಬಂದರೆ ಮೂರನೇ ಪ್ರಶ್ನೆಗೆ ಫೇಲು. ಸರ್ಕಾರ ಮನಸ್ಸು ಮಾಡಿದರೆ ವೀಸಾ ಸಿಕ್ಕೀತು, ಆದರೆ ಹಕ್ಕಿನಿಂದ ಕೇಳೋ ಹಂಗಿಲ್ಲ.

ಎಲ್ಲರನ್ನೂ ಒಳಗೆ ಬಿಡಿ ಅಂತ ಯಾರೂ ಹೇಳ್ತಿಲ್ಲ. ಬೆರಳಚ್ಚು ತಗೊಳ್ಳಿ, ಹಿನ್ನೆಲೆ ಜಾಲಾಡಿ, ಸುಳ್ಳು ಹೇಳಿದವರನ್ನ ಕಳಿಸಿ. ಅದಕ್ಕೊಂದು ಕಾಯ್ದೆ, ಗೊತ್ತಾದ ಅವಧಿಯೊಳಗೆ ವಿಚಾರಣೆ, ಒಂದು ಮೇಲ್ಮನವಿ ಇರಲಿ. ಯಾರು ಬಂದಿದ್ದಾರೆ ಅಂತ ಸರ್ಕಾರಕ್ಕೆ ಸರಿಯಾಗಿ ಗೊತ್ತಾಗೋದೂ ಆಗಲೇ. ಕೇಳದೇ ತಳ್ಳೋದು ಸುಲಭ ನಿಜ, ಆದರೆ ಅದರಿಂದ ಭದ್ರತೆ ಬರೋದಿಲ್ಲ.