ಷಟ್ಪದಿ ಹಿಡಿಸುವಷ್ಟು ಅಗಲ

ದೊಡ್ಡ ಪರದೆಯ ಫೋನು ಬೇಕೆಂದು ಡಿ.ವಿ.ಜಿ. ರಸ್ತೆಯಲ್ಲೋ ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲೋ ಅಂಗಡಿ ಹೊಕ್ಕರೆ ಮೊದಲು ಕಿವಿಗೆ ಬೀಳುವುದು ಇಂಚಿನ ಲೆಕ್ಕ. ಇಪ್ಪತ್ತರಿಂದ ಮೂವತ್ತು ಸಾವಿರದ ಫೋನುಗಳಲ್ಲಿ ಹೆಚ್ಚಿನವು ಈಗ ಆರೂವರೆಯಿಂದ ಆರೂಮುಕ್ಕಾಲು ಇಂಚಿನವು. ಆ ಇಂಚು ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಹಿಡಿದ ಅಳತೆ. ಕನ್ನಡ ಓದುವುದಕ್ಕೆಂದು ಫೋನು ಕೊಳ್ಳುವವರು ಅದನ್ನು ಬದಿಗಿಟ್ಟು ಪರದೆಯ ಅಗಲವನ್ನು ಕೇಳಬೇಕು.

ಯಾಕೆ ಎನ್ನುವುದಕ್ಕೆ ಎರಡು ಫೋನುಗಳನ್ನು ಪಕ್ಕಪಕ್ಕ ಇಡುತ್ತೇನೆ. ಶಿಯೋಮಿ ಕಂಪನಿ 2016ರಲ್ಲಿ ಭಾರತಕ್ಕೆ ತಂದ ಮಿ ಮ್ಯಾಕ್ಸ್‌ನ ಆರಂಭದ ಬೆಲೆ 14,999 ರೂಪಾಯಿ, ಪರದೆ 6.44 ಇಂಚು. ಅದೇ ಕಂಪನಿ 2024ರ ಜನವರಿಯಲ್ಲಿ ತಂದ ರೆಡ್‌ಮಿ ನೋಟ್ 13 ಪ್ರೊ 6.67 ಇಂಚಿನದು. ಅಂಕಿ ನೋಡಿದರೆ ಹೊಸದೇ ದೊಡ್ಡದು. ಆದರೆ ಹಳೆಯದರ ಪರದೆ 16:9 ಪ್ರಮಾಣದ್ದು, ಹೊಸದು 20:9. ಸ್ಕೇಲು ಹಿಡಿದರೆ ಮಿ ಮ್ಯಾಕ್ಸ್ ಪರದೆಯ ಅಗಲ 8 ಸೆಂಟಿಮೀಟರ್, ರೆಡ್‌ಮಿಯದು 7ಕ್ಕೂ ಕೂದಲೆಳೆಯಷ್ಟು ಕಡಿಮೆ. ಒಟ್ಟು ವಿಸ್ತೀರ್ಣದಲ್ಲೂ ಹಳೆಯದೇ ಮುಂದು: 114 ಚದರ ಸೆಂಟಿಮೀಟರಿಗೆ ಎದುರಾಗಿ 107. ಇನ್ನೂ ಹಿಂದಕ್ಕೆ ಹೋದರೆ, 2011ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ ಬರೀ 5.3 ಇಂಚಿನದಾದರೂ 16:10 ಪ್ರಮಾಣದ್ದಾದ್ದರಿಂದ ಅದರ ಅಗಲ 7.1 ಸೆಂಟಿಮೀಟರ್. ಇಷ್ಟು ವರ್ಷಗಳಲ್ಲಿ ಫೋನು ಎತ್ತರಕ್ಕೆ ಬೆಳೆದಿದೆ, ಅಷ್ಟೆ.

ಒಂದು ಸೆಂಟಿಮೀಟರಿಗೆ ಇಷ್ಟು ಮಾತೇ ಎಂದರೆ, ಕುಮಾರವ್ಯಾಸನನ್ನು ಫೋನಿನಲ್ಲಿ ತೆರೆದು ನೋಡಬೇಕು. ಭಾಮಿನಿ ಷಟ್ಪದಿಯ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ ತಲಾ 14 ಮಾತ್ರೆ. ಮೂರು ಮತ್ತು ಆರನೆಯವಕ್ಕೆ 23. ಅರವತ್ತು ದಾಟಿದ ಕಣ್ಣಿಗೆ ಹಿತವಾಗುವಷ್ಟು ಅಕ್ಷರ ದೊಡ್ಡದು ಮಾಡಿದರೆ 7 ಸೆಂಟಿಮೀಟರಿನಲ್ಲಿ ಚಿಕ್ಕ ಸಾಲುಗಳು ಹೇಗೋ ಕೂರುತ್ತವೆ, ಉದ್ದದವು ಮುರಿದು ಕೆಳಗೆ ಬೀಳುತ್ತವೆ. ಆರು ಸಾಲಿನ ಪದ್ಯ ಎಂಟು ಸಾಲಾಗುತ್ತದೆ. ಮೂರನೆಯ ಸಾಲಿನಲ್ಲಿ ಉಸಿರು ಎಳೆದು ನಿಲ್ಲಬೇಕಾದ ಜಾಗ ಕಣ್ಣಿಗೆ ಸಿಗುವುದಿಲ್ಲ. ವಾಚನ ಮಾಡುವವರಿಗೆ ಇದು ಸಣ್ಣ ತೊಡಕಲ್ಲ. ಡಿವಿಜಿಯವರ ‘ಮಂಕುತಿಮ್ಮನ ಕಗ್ಗ’ದ ಪಾಡೂ ಇದೇ. ನಾಲ್ಕೂ ಸಾಲಿನ ಎರಡನೆಯ ಅಕ್ಷರ ಒಂದರ ಕೆಳಗೊಂದು ಪ್ರಾಸವಾಗಿ ನಿಲ್ಲುವುದನ್ನು ಎಡಗಡೆಯ ಅಂಚಿನಲ್ಲಿ ಕಣ್ಣು ಮೊದಲೇ ಹಿಡಿದುಬಿಡುತ್ತದೆ. ಸಾಲು ಮುರಿದರೆ ಆ ಅಂಚಿಗೆ ಯಾವುದೋ ಪದದ ಬಾಲ ಬಂದು ಕೂರುತ್ತದೆ. ಆ ಒಂದು ಸೆಂಟಿಮೀಟರಿನಲ್ಲಿ ಹಿಡಿಸುವುದು ಎರಡೋ ಮೂರೋ ಅಕ್ಷರ. ಸಾಲು ಉಳಿಯುವುದೂ ಮುರಿಯುವುದೂ ಎಷ್ಟೋ ಸಲ ಅಷ್ಟರಲ್ಲೇ ತೀರ್ಮಾನವಾಗುತ್ತದೆ.

ಅಡ್ಡ ಹಿಡಿದರೆ? ಕಗ್ಗಕ್ಕೆ ಅದು ಚೆನ್ನ, ನಾಲ್ಕು ಸಾಲೂ ಪೂರ್ತಿಯಾಗಿ ಹರಡಿಕೊಳ್ಳುತ್ತವೆ. ಷಟ್ಪದಿಗೆ ಬಂದರೆ ಒತ್ತಕ್ಷರಗಳಿಗೆ ಜಾಗ ಬಿಟ್ಟು ಆರು ಸಾಲು ಕೂರಿಸುವಷ್ಟರಲ್ಲಿ ಪರದೆ ಮುಗಿದಿರುತ್ತದೆ. ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕಗಳದು ಬೇರೆ ಕಷ್ಟ. ಡೆಮಿ 1/8 ಪುಸ್ತಕದ ಸಾಲು ಸುಮಾರು 10 ಸೆಂಟಿಮೀಟರ್ ಇರುತ್ತದೆ. ಪಿಡಿಎಫ್ ಪುಟದ ಸಾಲು ಮುರಿಯುವುದಿಲ್ಲ, ಅಕ್ಷರವೇ ಕುಗ್ಗುತ್ತದೆ.

ಹಾಗೆಂದು ಇಂದಿನ ಫೋನನ್ನು ತೆಗೆದುಹಾಕುವಂತಿಲ್ಲ. ಗದ್ಯ ಓದುವುದಕ್ಕೆ ಈ ಎತ್ತರ ವರದಾನ. ಒತ್ತಕ್ಷರ ಕೆಳಗಿಳಿಯುವ ಕನ್ನಡಕ್ಕೆ ಸಾಲುಗಳ ನಡುವೆ ಧಾರಾಳ ಜಾಗ ಬೇಕು. ಅಷ್ಟು ಕೊಟ್ಟ ಮೇಲೂ ಒಂದು ಇಡೀ ಪ್ಯಾರಾ ಕಣ್ಣೆದುರು ಉಳಿಯುತ್ತದೆ. ತೀಕ್ಷ್ಣತೆಯಲ್ಲಂತೂ ಹೋಲಿಕೆಯೇ ಇಲ್ಲ. ಮಿ ಮ್ಯಾಕ್ಸ್‌ನಲ್ಲಿ ಇಂಚಿಗೆ 342 ಚುಕ್ಕಿ, ನೋಟ್ 13 ಪ್ರೊನಲ್ಲಿ ಸುಮಾರು 446. ‘ರಾಷ್ಟ್ರ’, ‘ಸ್ತ್ರೀ’ಯಂಥ ಪದಗಳಲ್ಲಿ ಎರಡನೆಯ ಒತ್ತು ಕರಗದೆ ಬಿಡಿಯಾಗಿ ನಿಲ್ಲುತ್ತದೆ. ಲಾಲ್‌ಬಾಗಿನ ಬೆಂಚಿನ ಮೇಲೆ ಬೆಳಗಿನ ಬಿಸಿಲಿಗೆ ಹಿಡಿದರೂ ಅಕ್ಷರ ಮಾಸುವುದಿಲ್ಲ.

ತೂಕದ ಲೆಕ್ಕದಲ್ಲೂ ಹೊಸತೇ ಮೇಲು. ಮಿ ಮ್ಯಾಕ್ಸ್ 203 ಗ್ರಾಂ, ದೇಹದ ಅಗಲ 88 ಮಿಲಿಮೀಟರಿಗೂ ಹೆಚ್ಚು. ನೋಟ್ 13 ಪ್ರೊ 187 ಗ್ರಾಂ, 74 ಮಿಲಿಮೀಟರ್. ಸಂಪಿಗೆ ರಸ್ತೆಯಲ್ಲಿ ಮೆಟ್ರೊ ಹತ್ತಿ, ಒಂದು ಕೈಯಲ್ಲಿ ಕಂಬ, ಇನ್ನೊಂದರಲ್ಲಿ ಫೋನು ಹಿಡಿದು ನ್ಯಾಷನಲ್ ಕಾಲೇಜಿನವರೆಗೆ ನಿಂತೇ ಓದುವವರ ಅಂಗೈಗೆ 88 ಮಿಲಿಮೀಟರ್ ಒಗ್ಗುವುದಿಲ್ಲ. ಕಂಪನಿಗಳು ಅಗಲ ಬಿಟ್ಟು ಎತ್ತರ ಹಿಡಿದದ್ದಕ್ಕೆ ಮುಷ್ಟಿಯ ಈ ಮಿತಿಯೂ ಒಂದು ಕಾರಣ. 2018ರ ಮಿ ಮ್ಯಾಕ್ಸ್ 3 ಆದ ಮೇಲೆ ಆ ಸಾಲಿನಲ್ಲಿ ಇನ್ನೊಂದು ಬರಲಿಲ್ಲ. ನನಗೆ ಈಗಲೂ ಅದರ ಬಗ್ಗೆ ವಿಷಾದವಿದೆ.

ರಾತ್ರಿ ಓದುವವರು ಇನ್ನೊಂದು ಸಂಗತಿ ಗಮನಿಸಬೇಕು. ಬಹುಪಾಲು ಅಮೋಲೆಡ್ ಪರದೆಗಳು ಬೆಳಕನ್ನು ಬಹಳ ವೇಗವಾಗಿ ಆರಿಸಿ ಹೊತ್ತಿಸುತ್ತ ಮಂಕು ಮಾಡುತ್ತವೆ. ಆ ಮಿನುಗು ಗೊತ್ತಾಗುವುದಿಲ್ಲ, ಆದರೆ ಕೆಲವರಿಗೆ ಕಣ್ಣು ಬೇಗ ದಣಿಯುತ್ತದೆ, ತಲೆ ಹಿಡಿದಂತಾಗುತ್ತದೆ. ನೋಟ್ 13 ಪ್ರೊನಲ್ಲಿ ಅದರ ವೇಗ 1920 ಹರ್ಟ್ಸ್. ಈ ಅಂಕಿ ಹೆಚ್ಚಿದ್ದಷ್ಟೂ ಕಣ್ಣಿಗೆ ಹಿತ. ಫೋನನ್ನು ಐದಾರು ವರ್ಷ ಬಾಳಿಸುವ ಮನೆಗಳಿಗೆ ತಂತ್ರಾಂಶದ ಭರವಸೆಯೂ ಮುಖ್ಯ. ಮಿ ಮ್ಯಾಕ್ಸ್ ಆಂಡ್ರಾಯ್ಡ್ 6ರಲ್ಲಿ ಹುಟ್ಟಿ 7ರಲ್ಲಿ ನಿಂತುಹೋಯಿತು. 2024ರ ಸ್ಯಾಮ್‌ಸಂಗ್ ಎ35ಕ್ಕೆ ನಾಲ್ಕು ಆಂಡ್ರಾಯ್ಡ್ ಆವೃತ್ತಿ, ಐದು ವರ್ಷದ ಭದ್ರತಾ ಅಪ್‌ಡೇಟಿನ ಮಾತು ಕೊಟ್ಟಿದ್ದಾರೆ.

ಗದ್ಯ, ಪತ್ರಿಕೆ, ವಾಟ್ಸ್‌ಆ್ಯಪ್, ಮೊಮ್ಮಕ್ಕಳ ವಿಡಿಯೊ ಕರೆ ಇಷ್ಟಕ್ಕಾದರೆ ಈ ದರ್ಜೆಯ ಫೋನನ್ನು ನಿಶ್ಚಿಂತೆಯಿಂದ ಕೊಳ್ಳಬಹುದು. ಕಾವ್ಯ ಓದುವವರು ಅದೇ ದುಡ್ಡಿನಲ್ಲಿ ಸಾಧಾರಣ ಫೋನೊಂದನ್ನೂ ಎಂಟು ಇಂಚಿನ ಟ್ಯಾಬ್ ಒಂದನ್ನೂ ವಿಚಾರಿಸಲಿ ಎಂಬುದು ನನ್ನ ಸಲಹೆ. ಅಂಗಡಿಯವರು ಯೂಟ್ಯೂಬ್ ಹಾಕಿ ತೋರಿಸುತ್ತಾರೆ. ಅದರ ಬದಲು ಭಾಮಿನಿಯ ಒಂದು ಪದ್ಯ ತೆರೆಯಲು ಹೇಳಿ, ಕನ್ನಡಕ ತೆಗೆದು ಓದುವಷ್ಟು ಅಕ್ಷರ ಹಿಗ್ಗಿಸಿ, ಮೂರನೆಯ ಸಾಲು ನೋಡಿ.