ಮಲಗಿದಾಗಿನ ದನಿ

ನಮ್ಮ ಕಡೆ ‘ತಾಲೀಮು’ ಅನ್ನುವ ಮಾತಿಗೆ ಎರಡು ಮನೆ. ಪೈಲವಾನರು ಸಾಮು ಮಾಡುವುದೂ ತಾಲೀಮೇ, ನಾಟಕದವರು ಮಾತು ಕಟ್ಟುವುದೂ ತಾಲೀಮೇ. ಧಾರವಾಡದ ಮಾಳಮಡ್ಡಿಯ ಹಳೆಯ ಮನೆಯೊಂದರ ಪಡಸಾಲೆಯಲ್ಲಿ ‘ಯಯಾತಿ’ಯ ತಾಲೀಮು ನೋಡಲು ಹೋದ ನನಗೆ ಮೊದಲು ಕಂಡದ್ದು ಮೂರನೆಯದೇ ಒಂದು ಬಗೆ. ಹುಡುಗ ಹುಡುಗಿಯರು ಜಮಖಾನದ ಮೇಲೆ ಮೊಣಕಾಲು ಮಡಚಿ, ತಲೆಯಡಿ ಒಂದೊಂದು ಪುಸ್ತಕ ಇಟ್ಟುಕೊಂಡು ಅಂಗಾತ ಮಲಗಿದ್ದರು. ಉಸಿರು ಬಿಡುತ್ತ ಮೆಲ್ಲಗೆ ‘ಮ್’ ಅನ್ನುತ್ತಿದ್ದರು. ಆಮೇಲೆ ಪುರುವಿನ ಪಾತ್ರದ ಹುಡುಗ ಮಲಗಿದಲ್ಲಿಂದಲೇ ತನ್ನ ಮಾತು ಹೇಳಿದ. ತುಂಬಿದ ದನಿ. ಎದ್ದು ನಿಂತು ಅದೇ ಮಾತು ಹೇಳಿದಾಗ ಗೋಣಿನ ನರ ಉಬ್ಬಿದವು, ದನಿ ತೆಳ್ಳಗಾಯಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮನೆಯ ಅಜ್ಜಾರು ಕೇಳಿಯೇಬಿಟ್ಟರು: “ಮಲಗಿದಾಗ ಛಲೋ ಇತ್ತಲ್ಲೋ ತಮ್ಮಾ, ಎದ್ದ ಮ್ಯಾಲ ಯಾಕ ಒದರ್ಲಿಕತ್ತೀ?”

ಇಂಥ ವ್ಯಾಯಾಮಗಳ ಬಗ್ಗೆ ಇದಕ್ಕಿಂತ ಚುರುಕಾದ ವಿಮರ್ಶೆ ನಾನು ಕೇಳಿಲ್ಲ.

ಮಲಗಿದಾಗ ದನಿ ಯಾಕೆ ಬಿಚ್ಚುತ್ತದೆ ಅನ್ನುವುದರಲ್ಲಿ ಗುಟ್ಟೇನೂ ಇಲ್ಲ. ನಾಲಿಗೆಯ ಬುಡದಲ್ಲಿ ಕುದುರೆ ಲಾಳದ ಆಕಾರದ ಸಣ್ಣ ಎಲುಬಿದೆ. ಅದು ಬೇರೆ ಯಾವ ಎಲುಬಿಗೂ ಕೀಲುಗೂಡಿಲ್ಲ. ಧ್ವನಿಪೆಟ್ಟಿಗೆ ಜೋತಿರುವುದು ಅದಕ್ಕೇ. ಅದನ್ನು ಹಿಡಿದಿರುವ ಸ್ನಾಯುಗಳಲ್ಲಿ ಕೆಲವು ದವಡೆಯಿಂದ, ಕೆಲವು ಎದೆಯಿಂದ, ಒಂದಂತೂ ಭುಜದ ಹಲಗೆಯಿಂದಲೇ ಬರುತ್ತದೆ. ಹೀಗಾಗಿ ಹೆಗಲು ಕಿವಿಯ ಹತ್ತಿರ ಏರಿದರೆ, ಗದ್ದ ಮುಂದೆ ಚಾಚಿದರೆ, ಧ್ವನಿಪೆಟ್ಟಿಗೆಯ ಸುತ್ತಲಿನ ಹಗ್ಗಗಳೆಲ್ಲ ಎಳೆದಾಡುತ್ತವೆ. ಹೊಟ್ಟೆ ಬಿಗಿಹಿಡಿದರೆ ವಪೆ ಕೆಳಗಿಳಿಯಲು ಜಾಗವಿಲ್ಲದೆ ಉಸಿರು ಎದೆಯ ಮೇಲ್ಭಾಗದಲ್ಲೇ ಉಳಿಯುತ್ತದೆ. ನೆಲ ಈ ಬಿಗಿತವನ್ನೆಲ್ಲ ಸ್ವಲ್ಪ ಹೊತ್ತು ತಾನು ಹೊರುತ್ತದೆ, ಅಷ್ಟೇ.

ಇದನ್ನು ಕನ್ನಡಿಯಲ್ಲಿ ಕಂಡುಕೊಂಡವನು ಟಾಸ್ಮೇನಿಯಾದಲ್ಲಿ 1869ರಲ್ಲಿ ಹುಟ್ಟಿದ ಎಫ್. ಎಂ. ಅಲೆಕ್ಸಾಂಡರ್. ನಾಟಕದ ಭಾಗಗಳನ್ನು ವಾಚಿಸುವುದು ಅವನ ಕಸುಬು. ವೇದಿಕೆಯಲ್ಲಿ ದನಿ ಕೂರುತ್ತಿತ್ತು. ಕನ್ನಡಿಯ ಮುಂದೆ ವಾಚಿಸಿ ನೋಡಿಕೊಂಡ. ಬಾಯಿ ತೆರೆಯುವ ಮೊದಲೇ ತಲೆ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ, ಗಂಟಲು ಕೆಳಗೆ ಒತ್ತುತ್ತಿದ್ದ, ಬಾಯಿಂದ ಸರ್ರನೆ ಉಸಿರೆಳೆಯುತ್ತಿದ್ದ. ಮಾತಿಗೆ ಮುಂಚಿನ ಆ ಕ್ಷಣದ ಚಟ ಬಿಡಿಸುವುದೇ ಅವನ ವಿದ್ಯೆಯ ತಿರುಳು. ನಮ್ಮ ಎಷ್ಟೋ ಶಿಬಿರಗಳಲ್ಲಿ ಉಳಿದಿರುವುದು ಮಲಗುವುದಷ್ಟೇ, ತಿರುಳು ಹೋಗಿದೆ. ಅರ್ಧ ತಾಸು ಶವಾಸನ, ಕೂಡಲೇ ಎದ್ದು “ಇನ್ನೂ ಜೋರಾಗಿ” ಎಂಬ ಕೂಗು. ಸಡಿಲಿಸಿದ್ದನ್ನು ತಾವೇ ಮತ್ತೆ ಬಿಗಿಯುತ್ತಾರೆ. ಕೆಲವರಿಗೆ ಸಡಿಲವೆಂದರೆ ಜೋಲು ಬೀಳುವುದು. ಬೆನ್ನು ಜೋತರೆ ಪಕ್ಕೆಲುಬು ಕುಸಿದು ಉಸಿರು ಮತ್ತೂ ಕಡಿಮೆಯಾಗುತ್ತದೆ.

ಹಳಬರು ತಕರಾರು ತೆಗೆಯುತ್ತಾರೆ: ಕಂಪನಿ ನಾಟಕದವರು ಎಲ್ಲಿ ಮಲಗಿದ್ದರು, ಮೈಕಿಲ್ಲದೆ ಕಟ್ಟಕಡೆಯ ಸಾಲಿಗೆ ಮಾತು ಮುಟ್ಟಿಸಲಿಲ್ಲವೇ? ನಿಜ. ನೂರು ದಾಟಿ ಬದುಕಿದ ಏಣಗಿ ಬಾಳಪ್ಪನವರ ಹೆಸರು ಈ ಮಾತಿನಲ್ಲಿ ಬಂದೇ ಬರುತ್ತದೆ. ಹುಡುಗನಾಗಿದ್ದಾಗ ನಾಟಕ ಕಂಪನಿಯಲ್ಲಿದ್ದ ಮಲ್ಲಿಕಾರ್ಜುನ ಮನಸೂರರದೂ. ಆದರೆ ಅವರಿಗೆ ಹಾಡೇ ವ್ಯಾಯಾಮವಾಗಿತ್ತು. ದೀರ್ಘ ಸ್ವರ ಹಿಡಿಯುವವನು ಗಂಟಲು ಹಿಸುಕಿಕೊಂಡರೆ ಸುರವೇ ನಿಲ್ಲದು. ಇನ್ನೊಂದು: ಗಂಟಲು ಉಳಿದವರ ಹೆಸರು ಮಾತ್ರ ನಮಗೆ ಗೊತ್ತು. ದನಿ ಒಡೆದು ಪರದೆ ಎಳೆಯಲು ನಿಂತವರ ಲೆಕ್ಕ ಯಾರೂ ಇಡಲಿಲ್ಲ.

ಶ್ರೀರಂಗರು ಕನ್ನಡಕ್ಕೆ ತಂದ ನಾಟ್ಯಶಾಸ್ತ್ರದಲ್ಲಿ ದನಿಗೆ ಮೂರು ನೆಲೆ: ಎದೆ, ಕಂಠ, ಶಿರಸ್ಸು. ಪಕ್ಕದವರಿಗೆ ಎದೆಯಿಂದ, ತುಸು ದೂರದವರಿಗೆ ಕಂಠದಿಂದ, ದೂರದವರಿಗೆ ಶಿರಸ್ಸಿನಿಂದ. ಜೋರು ಎಷ್ಟೆನ್ನುವುದಕ್ಕಿಂತ ಯಾರಿಗೆ ಎನ್ನುವ ಪ್ರಶ್ನೆ ಅಲ್ಲಿ ಮುಂದಿದೆ. ಜಮಖಾನದ ಮೇಲಿನ ‘ಮ್’ಗೆ ಎದುರಾಳಿಯೇ ಇಲ್ಲ. ಈ ಪದ್ಧತಿಯ ದೊಡ್ಡ ಕೊರತೆ ಇದೇ ಎಂದು ನನ್ನ ಅನಿಸಿಕೆ. ಧಾರವಾಡದ ಮಾತಿನ ಒತ್ತು, ನುಂಗಿದ ಕೊನೆಯ ಸ್ವರ, ಇವಕ್ಕೂ ಅದು ಏನೂ ಮಾಡದು. ಅದಕ್ಕೆ ನಾಲಿಗೆ, ತುಟಿಗಳದೇ ಬೇರೆ ಸಾಧನೆ ಬೇಕು. ವಾರಗಟ್ಟಲೆ ಗಂಟಲು ಕಟ್ಟಿದ್ದರೆ ಜಮಖಾನ ಬಿಟ್ಟು ಡಾಕ್ಟರ ಹತ್ತಿರ ಹೋಗಬೇಕು.

‘ಯಯಾತಿ’ಯನ್ನು (1961ರಲ್ಲಿ ಇದೇ ಊರಿನ ಮನೋಹರ ಗ್ರಂಥಮಾಲೆ ಪ್ರಕಟಿಸಿತು) ಆರಿಸಿದ್ದು ಮಾತ್ರ ಒಳ್ಳೆಯ ಪರೀಕ್ಷೆಯಾಯಿತು. ಪುರು ತಂದೆಯ ಮುಪ್ಪನ್ನು ಹೊರುವವನು. ಮುಪ್ಪೆಂದರೆ ನಮ್ಮ ಹುಡುಗರು ತಕ್ಷಣ ಬೆನ್ನು ಗೂನು ಮಾಡಿ ಗದ್ದ ಚಾಚುತ್ತಾರೆ; ದನಿಗೆ ಅದಕ್ಕಿಂತ ಕೆಟ್ಟ ಭಂಗಿ ಇಲ್ಲ. ನಿರ್ದೇಶಕಿ ಅವನಿಗೆ ಹೇಳಿದ್ದು ಇಷ್ಟೇ: ಸೊಂಟದಲ್ಲಿ ಬಾಗು, ಗೋಣು ಬೆನ್ನಿನ ಗೆರೆಯಲ್ಲೇ ಬರಲಿ, ಮುಪ್ಪನ್ನು ಮೊಣಕಾಲಿಗೆ ಕೊಡು. ಮೂರನೆಯ ಸಲಕ್ಕೆ ದೇಹ ಮುದುಕನದಾಯಿತು, ಗಂಟಲು ಅವನದೇ ಉಳಿಯಿತು. ಅಷ್ಟರಲ್ಲಿ ಸ್ಟೇಷನ್ನಿನ ಕಡೆಯಿಂದ ರೈಲು ಕೂಗಿತು. ಹುಡುಗ ಅದರ ಮೇಲೆ ದನಿ ಏರಿಸಲಿಲ್ಲ. ಬಾಗಿದಲ್ಲೇ ನಿಂತು ಹೆಗಲಿಳಿಸಿ ಉಸಿರುಬಿಟ್ಟ, ರೈಲು ದಾಟಿದ ಮೇಲೆ ಬಾಗಿಲಲ್ಲಿದ್ದ ಅಜ್ಜಾರ ಕಡೆ ನೋಡಿ ಮಾತು ಮುಂದುವರಿಸಿದ.