‘ಅಲಕ್ಷ್ಯ’ವೆಂಬ ಆರೋಪವೂ ಲ್ಯಾಂಬೆತ್ತಿನ ಮನೆಲೆಕ್ಕಗಳೂ

ಬಡಕುಟುಂಬಗಳಲ್ಲಿ ಮಕ್ಕಳ ಪೋಷಣೆಗೆ ಲೋಪ ಬರುವುದೇಕೆಂಬ ಪ್ರಶ್ನೆಯೆದ್ದಾಗ, ತಾಯಿಯ ಅಜ್ಞಾನವನ್ನು ಮೊದಲು ಹೆಸರಿಸುವುದು ಹಳೆಯ ವಾಡಿಕೆ. ಈ ವಾಡಿಕೆಯನ್ನು ಪರೀಕ್ಷೆಗೊಡ್ಡಿದ ಗ್ರಂಥಗಳಲ್ಲಿ ಮಾಡ್ ಪೆಂಬರ್ ರೀವ್ಸ್ ಅವರು 1913ರಲ್ಲಿ ಪ್ರಕಟಿಸಿದ ‘ರೌಂಡ್ ಅಬೌಟ್ ಎ ಪೌಂಡ್ ಎ ವೀಕ್’ ಗಣ್ಯವಾದುದು. ಫೇಬಿಯನ್ ಮಹಿಳಾ ಮಂಡಲಿಯವರು 1909ರಿಂದ ನಾಲ್ಕು ವರ್ಷ ಲಂಡನ್ನಿನ ಲ್ಯಾಂಬೆತ್ ಪ್ರದೇಶದ ಕೂಲಿಕಾರರ ಮನೆಗಳಿಗೆ ಹೋಗಿಬಂದು, ತಾಯಂದಿರಿಂದಲೇ ವಾರದ ಖರ್ಚನ್ನು ಬರೆಯಿಸಿದರು. ಆ ಮನೆಗಳ ವರಮಾನ ವಾರಕ್ಕೆ ಸುಮಾರು 18ರಿಂದ 30 ಷಿಲಿಂಗು.

ಆಗ 1908ರ ಮಕ್ಕಳ ಶಾಸನ ಜಾರಿಯಲ್ಲಿತ್ತು. ಮಗುವಿಗೆ ಸಾಕಷ್ಟು ಅನ್ನ, ಬಟ್ಟೆ, ವಸತಿ, ಔಷಧೋಪಚಾರಗಳನ್ನು ಒದಗಿಸದ ತಂದೆತಾಯಿಗಳು ಅಲಕ್ಷ್ಯ ಮಾಡಿದವರೆಂದು ಅದು ಗಣಿಸುತ್ತಿತ್ತು. ಒದಗಿಸಲು ಶಕ್ತಿಯಿಲ್ಲದವರು ದರಿದ್ರಪರಿಹಾರ ಶಾಸನದ ಮೊರೆಹೊಗದಿದ್ದರೆ ಅವರೂ ಹಾಗೆಯೇ. ಮಾನಕ್ಕಂಜಿ ಹಸಿವನ್ನು ಮುಚ್ಚಿಡುವುದೂ ಅಪರಾಧವಾಯಿತು.

ಗ್ರಂಥದ ಬಲವಿರುವುದು ಅದರ ಸಣ್ಣ ವಿವರಗಳಲ್ಲಿ. ಬಡತಾಯಿ ಓಟ್ಸ್ ಗಂಜಿಯನ್ನೇಕೆ ಕಾಯಿಸಬಾರದೆಂದು ಉಪಕಾರಬುದ್ಧಿಯ ಮಹಿಳೆಯರು ಕೇಳುತ್ತಿದ್ದರು. ಎಲ್ಲ ಅಡಿಗೆಗೂ ಒಂದೇ ಹಳೆಯ ಪಾತ್ರೆ, ಗಂಜಿ ತಳ ಹಿಡಿಯುತ್ತದೆ. ಹಾಲು ಸಕ್ಕರೆಗಳಿಲ್ಲದೆ ಮಕ್ಕಳು ಅದನ್ನು ಮುಟ್ಟರು. (ಉಪದೇಶಕ್ಕೆ ಮಾತ್ರ ಹಾಲು ಬೇಕಾಗಿರಲಿಲ್ಲ.) ಮಕ್ಕಳ ಶವಸಂಸ್ಕಾರದ ವಿಮೆಗೆ ತೆತ್ತ ಕಾಸನ್ನೂ ಕೆಲವರು ದುಂದೆಂದರು. ಸರಕಾರಿ ಖರ್ಚಿನ ಅನಾಥಸಂಸ್ಕಾರದ ಅವಮಾನವನ್ನು ಬಲ್ಲವರು ಹಾಗೆನ್ನಲಾರರು.

ಆರಿಸಿಕೊಂಡ ಮನೆಗಳು ಕುಡಿತವಿಲ್ಲದ, ಮರ್ಯಾದಸ್ಥ ಮನೆಗಳಾದ್ದರಿಂದ ಈ ಶೋಧನೆ ಏಕಪಕ್ಷೀಯವೆಂದು ಆಕ್ಷೇಪಿಸಬಹುದು. ನಮ್ಮ ಅಭಿಪ್ರಾಯದಲ್ಲಿ ಅದೇ ಇದರ ಗುಣ. ದುರ್ವ್ಯಸನವನ್ನು ಬದಿಗಿಟ್ಟ ಮೇಲೂ ಮಕ್ಕಳು ಸೊರಗುತ್ತಿದ್ದರೆ ಕಾರಣವನ್ನು ಬೇರೆಡೆ ಹುಡುಕಬೇಕು. ಕೂಲಿ ಏರದೆ ಮಕ್ಕಳು ಹೆಚ್ಚಿದಂತೆ ತಲೆಗೆ ಬೀಳುವ ಊಟ ಇಳಿಯುತ್ತದೆ; ಒಳ್ಳೆಯ ಕೋಣೆಯ ಬಾಡಿಗೆಯೂ ಊಟದಿಂದಲೇ ಕಳೆಯುತ್ತದೆ.

ನಮಗೆ ಒಪ್ಪಿಗೆಯಾಗದುದು ಒಂದುಂಟು. ಗಂಡನು ತನ್ನ ಕೂಲಿಯಲ್ಲಿ ಇಷ್ಟನ್ನು ಇಟ್ಟುಕೊಂಡು ಉಳಿದುದನ್ನು ಹೆಂಡತಿಗೆ ಕೊಡುವುದನ್ನೂ, ಮಾಂಸದ ಹೆಚ್ಚಿನ ಪಾಲು ಅವನಿಗೇ ಸಲ್ಲುವುದನ್ನೂ ಲೇಖಕಿ ದಾಖಲಿಸುತ್ತಾರೆ. ಆದರೆ ದುಡಿಯುವವನು ಉಣ್ಣಲೇಬೇಕೆಂದು ಹೇಳಿ ಮುಂದೆ ಸಾಗುತ್ತಾರೆ. ಕೂಲಿ ಸಮವಾದ ಎರಡು ಮನೆಗಳಲ್ಲಿ ತಾಯಿಯ ಕೈಗೆ ಬರುವ ಹಣ ಸಮವಲ್ಲದಿದ್ದರೆ, ಮಕ್ಕಳ ಸ್ಥಿತಿಯೂ ಬೇರಾಗಬೇಕಷ್ಟೆ. ಈ ಹೋಲಿಕೆಗೆ ಬೇಕಾದ ಸಾಮಗ್ರಿ ಕೈಯಲ್ಲಿದ್ದೂ ಅವರು ಅದನ್ನು ಮಾಡಲಿಲ್ಲ. ಅವರು ಬಿಟ್ಟ ಈ ಪ್ರಶ್ನೆ 1945ರಲ್ಲಿ ಪಾರ್ಲಿಮೆಂಟಿನಲ್ಲಿಯೇ ಎದ್ದಿತು. ಕುಟುಂಬ ಭತ್ಯದ ಮಸೂದೆ ಹಣವನ್ನು ತಂದೆಗೆ ಸಲ್ಲಿಸುವಂತೆ ಬಂದಿತ್ತು. ಎಲೆನರ್ ರಾತ್‌ಬೋನ್ ಮೊದಲಾದವರು ಪ್ರತಿಭಟಿಸಿದ ಮೇಲೆ ಅದು ತಾಯಿಯ ಹೆಸರಿಗೆ ಬದಲಾಯಿತು.